ಒಂದೇ ತಿಂಗಳಲ್ಲಿ ಮೂರು ಹಳೇ ಕಂಪ್ಯೂಟರ್ ಕೆಟ್ಟಾಗ: ದೋಷ ಹುಡುಕಿದ ಬಗೆ

ದಾವಣಗೆರೆಯ ನಮ್ಮ ಮನೆ ಮಹಡಿಯ ಕೋಣೆಯಲ್ಲಿ 14 ಹಳೇ ಕಂಪ್ಯೂಟರ್‌ಗಳಿವೆ. ದುಡ್ಡು ಸುರಿದು ಕೊಂಡಿದ್ದು ಕಡಿಮೆ. ಗುಜರಿಗೆ ಹೊರಟಿದ್ದನ್ನು ತಡೆದು ತಂದಿದ್ದೇ ಜಾಸ್ತಿ. ಒಂದು ಶಾಲೆಯ ಉಗ್ರಾಣದಿಂದ ಬಂದ ಬಿಬಿಸಿ ಮೈಕ್ರೋ ಇದೆ, 1980ರ ದಶಕದ ಬ್ರಿಟಿಷ್ ಕಂಪ್ಯೂಟರ್. ಮಂಡಿಪೇಟೆಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ, ಪಿಸಿಗಳ ಮೊದಮೊದಲ ಮಾದರಿಯಾದ ಎಕ್ಸ್‌ಟಿ ಇದೆ. ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದ ಪ್ರೆಸ್ಸಿನವರು ಕೊಟ್ಟ 386, ಅಂದರೆ 386 ಚಿಪ್ಪಿನ ಪಿಸಿ ಇದೆ.

ಹೋದ ಸಲ ದೀಪಾವಳಿ ಮುಗಿದ ಮೇಲೆ, ಮಳೆಗಾಲಕ್ಕೆಂದು ಕಟ್ಟಿಟ್ಟಿದ್ದನ್ನೆಲ್ಲ ಬಿಚ್ಚಿ ಒಂದೊಂದಾಗಿ ಆನ್ ಮಾಡುತ್ತಾ ಹೋದೆ. ನಾಲ್ಕು ವಾರದಲ್ಲಿ ಈ ಮೂರೂ ಕೈಕೊಟ್ಟವು. ಹೇಗೆ ಹುಡುಕಿದೆ, ಎಲ್ಲಿ ದಾರಿ ತಪ್ಪಿದೆ ಅಂತ ಬರೆದಿಡುತ್ತಿದ್ದೇನೆ. ಮನೆಯಲ್ಲಿ ಇಂಥ ಮಷೀನ್ ಇಟ್ಟುಕೊಂಡವರಿಗೆ ಈ ದೋಷಗಳು ಇವತ್ತಲ್ಲ ನಾಳೆ ಎದುರಾಗುತ್ತವೆ.

ಕಂಡ ಲಕ್ಷಣಗಳು

ಬಿಬಿಸಿ ಮೈಕ್ರೋ: ಸ್ವಿಚ್ ಹಾಕಿದಾಗ "ಬೂ-ಬೀಪ್" ಅಂತ ಸರಿಯಾಗಿಯೇ ಶುರುವಾಯಿತು. ಪರದೆಯ ಮೇಲೆ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹೆಸರು ಬಂತು. ಇಪ್ಪತ್ತು ನಿಮಿಷಕ್ಕೆ ಎಡಗಡೆಯಿಂದ ಬಿಳಿ ಹೊಗೆ, ಗಂಟಲು ಹಿಡಿಯುವ ವಾಸನೆ. ವಿಚಿತ್ರ ಅಂದ್ರೆ ಹೊಗೆ ಬರುತ್ತಿದ್ದರೂ ಮಷೀನ್ ಕೆಲಸ ಮಾಡುತ್ತಲೇ ಇತ್ತು.

ಎಕ್ಸ್‌ಟಿ: ಸ್ವಿಚ್ ಹಾಕಿದರೆ ಫ್ಯಾನ್ ಒಂದು ಸಲ ಬೆಚ್ಚಿದ ಹಾಗೆ ಅಲುಗಿ ನಿಂತುಬಿಡುತ್ತಿತ್ತು. ಒಳಗೆ ಸಣ್ಣಗೆ ಟಿಕ್ ಟಿಕ್ ಸದ್ದು.

386: ಫ್ಯಾನ್ ತಿರುಗುತ್ತದೆ, ಹಾರ್ಡ್ ಡಿಸ್ಕ್ ಸದ್ದು ಮಾಡುತ್ತದೆ. ಪರದೆ ಕಪ್ಪು. ಬೀಪ್ ಇಲ್ಲವೇ ಇಲ್ಲ.

ಕರೆಂಟಿನ ಮೇಲೆ ಗೂಬೆ ಕೂರಿಸಿದ್ದು

ಮೂರು ಮಷೀನ್, ಒಂದೇ ಕೋಣೆ, ಒಂದೇ ತಿಂಗಳು. ಯಾರಿಗಾದರೂ ಮೊದಲು ಬರುವ ಅನುಮಾನ ವೋಲ್ಟೇಜಿನದೇ. ರಾತ್ರಿ ಹತ್ತರ ಮೇಲೆ ಪ್ಲಗ್ಗಿನಲ್ಲಿ 248 ವೋಲ್ಟ್ ತೋರಿಸಿತು. ಸಿಕ್ಕಿಬಿದ್ದ ಅಂದುಕೊಂಡು ಸ್ಟೆಬಿಲೈಸರ್ ತಂದೆ. ದುಡ್ಡು ದಂಡ. ಈ ಮಷೀನ್‌ಗಳ ಪವರ್ ಸಪ್ಲೈ ಅಷ್ಟು ಏರಿಳಿತ ತಡೆದುಕೊಳ್ಳುವಂತೆಯೇ ಮಾಡಿದ್ದು. ಅರ್ಥಿಂಗ್ ನೋಡಿದೆ, ಅದೂ ಸರಿಯಿತ್ತು. ಅದೇ ಸ್ವಿಚ್ ಬೋರ್ಡಿನಲ್ಲಿ ಓಡುವ ಟಿವಿಗೂ ಮಿಕ್ಸಿಗೂ ಏನೂ ಆಗಿರಲಿಲ್ಲ. ಇದನ್ನು ಮೊದಲೇ ಯೋಚಿಸಬೇಕಿತ್ತು.

ನಾನು ಮಾಡಿದ ಇನ್ನೊಂದು ತಪ್ಪು, ಮೂರಕ್ಕೂ ಒಂದೇ ಭಾಗ ಕೆಟ್ಟಿದೆ ಅಂತ ನಂಬಿದ್ದು. ಕಾರಣ ಒಂದೇ ಇರಬಹುದು. ಹಾಗಂತ ಸುಟ್ಟ ಭಾಗವೂ ಒಂದೇ ಇರಬೇಕಿಲ್ಲ.

ಬಿಚ್ಚುವ ಮುಂಚೆ

ಪ್ಲಗ್ ಕಿತ್ತಿದ ಮೇಲೂ ಪವರ್ ಸಪ್ಲೈ ಒಳಗಿನ ವಿದ್ಯುತ್ ಹಿಡಿದಿಡುವ ದೊಡ್ಡ ಕೆಪಾಸಿಟರಿನಲ್ಲಿ 325 ವೋಲ್ಟ್ ಡಿಸಿ ಕೂತಿರಬಹುದು. ಹತ್ತು ನಿಮಿಷ ಬಿಡಿ. ಆಮೇಲೂ ನಂಬಬೇಡಿ, ಮೀಟರ್ ಇಟ್ಟು ನೋಡಿ. ಉಳಿದಿದ್ದರೆ 10 ಕಿಲೋ ಓಮಿನ ದಪ್ಪ ರೆಸಿಸ್ಟರ್ ಮೂಲಕ ಇಳಿಸಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಶೂರತನ ಬೇಡ. ಪಿಕ್ಚರ್ ಟ್ಯೂಬಿನ ಮಾನಿಟರ್ ಆದರೆ ಬಿಚ್ಚಲೇಬೇಡಿ. ಅದರಲ್ಲಿರುವುದು ಹತ್ತು ಸಾವಿರ ವೋಲ್ಟಿಗೂ ಮೇಲೆ. ಟಿವಿ ರಿಪೇರಿಯಲ್ಲಿ ಕೈ ಪಳಗಿದವರಿಗೇ ಬಿಡಿ.

ಇನ್ನೊಂದು, ಸೀರೀಸ್ ಬಲ್ಬ್. ಎಲೆಕ್ಟ್ರಿಷಿಯನ್‌ಗಳಿಗೆ ಗೊತ್ತಿರುವ ಹಳೇ ಉಪಾಯ. ಫೇಸ್ ತಂತಿಯ ನಡುವೆ 60 ಅಥವಾ 100 ವಾಟಿನ ಹಳೇ ತಂತಿ ಬಲ್ಬ್ ಹಾಕಿ, ಅದರ ಮೂಲಕ ಮಷೀನಿಗೆ ಕರೆಂಟ್ ಕೊಡುವುದು. ಬಲ್ಬ್ ಒಂದು ಸಲ ಮಿಂಚಿ ಮಬ್ಬಾದರೆ ಪರವಾಗಿಲ್ಲ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಆಗ ಸುಡುವುದು ಮಷೀನ್ ಅಲ್ಲ, ಉರಿಯುವುದು ಬಲ್ಬ್ ಅಷ್ಟೆ. ಎಲ್‌ಇಡಿ ಬಲ್ಬ್ ಇದಕ್ಕೆ ಬರುವುದಿಲ್ಲ. ತಂತಿ ಬಲ್ಬಿಗಾಗಿ ನಾನು ಅಶೋಕ ರಸ್ತೆಯಲ್ಲಿ ಐದು ಅಂಗಡಿ ಅಲೆದೆ.

ಬಿಬಿಸಿ ಮೈಕ್ರೋದ ಹೊಗೆ

ಇದು ಸುಲಭದ್ದು. 1984ರಲ್ಲಿ ಕ್ಲಾಸ್ ಎಂಬ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದಿದ್ದು ಇದೇ ಮಾದರಿ. 32 ಕೆಬಿ ಮೆಮೊರಿ, 2 ಮೆಗಾಹರ್ಟ್ಸ್‌ನ 6502 ಚಿಪ್ಪು. ಇದರ ಪವರ್ ಸಪ್ಲೈನಲ್ಲಿ ಮೇನ್ಸ್ ತಂತಿಗೆ ಅಡ್ಡಲಾಗಿ ಕೂರುವ ಒಂದು ಕೆಪಾಸಿಟರ್ ಇದೆ. ಹೊರಗೆ ಜೇನಿನ ಬಣ್ಣದ, ಅರೆಪಾರದರ್ಶಕ ಹೊದಿಕೆ. ಒಳಗೆ ಲೋಹ ಬಳಿದ ಕಾಗದದ ಸುರುಳಿ. ವರ್ಷ ಕಳೆದಂತೆ ಹೊದಿಕೆ ಕೂದಲೆಳೆಯಷ್ಟು ಬಿರಿಯುತ್ತದೆ. ಬಿರುಕಿನಿಂದ ಕಾಗದ ತೇವ ಕುಡಿಯುತ್ತದೆ. ಆಮೇಲೆ ಒಂದು ದಿನ 230 ವೋಲ್ಟ್ ಸಿಕ್ಕಿದರೆ ಕಾದು ಸಿಡಿಯುತ್ತದೆ.

ಅದರ ಕೆಲಸ ಲೈನಿನ ಗಲಾಟೆ ಸೋಸುವುದು ಮಾತ್ರ. ಅದಕ್ಕೇ ಅದು ಸುಡುತ್ತಿದ್ದರೂ ಮಷೀನ್ ನಡೆಯುತ್ತದೆ. ನಡೆಯುತ್ತಿದೆ ಅಂತ ಬಿಡಬೇಡಿ, ಗೋಡೆಯ ಸ್ವಿಚ್ಚನ್ನೇ ಆರಿಸಿ. ಅದನ್ನು ಕಿತ್ತು ಅದೇ ಸಾಮರ್ಥ್ಯದ, ಎಕ್ಸ್2 ಎಂಬ ಸುರಕ್ಷತಾ ದರ್ಜೆಯ, 275 ವೋಲ್ಟ್ ಏಸಿಯ ಪ್ಲಾಸ್ಟಿಕ್ ಫಿಲ್ಮ್ ಕೆಪಾಸಿಟರ್ ಹಾಕಿ. ದರ್ಜೆ ಮುಖ್ಯ. ಅಂಗಡಿಯವರು "ಇದೇ ಹಾಕ್ರಿ ಸರ್, ನಡೀತೈತಿ" ಅಂತ ಕೊಡುವ ಸಾದಾ ಕೆಪಾಸಿಟರ್ ಇಲ್ಲಿ ನಡೆಯುವುದಿಲ್ಲ. ತಯಾರಿಸಿದವರನ್ನು ಬೈಯುವ ಹಾಗಿಲ್ಲ. ನಲವತ್ತು ವರ್ಷ ಇದನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆ ಅಂತ ಅವರಿಗೇನು ಕನಸು ಬಿದ್ದಿತ್ತೆ?

ಎಕ್ಸ್‌ಟಿಯ ಟಿಕ್ ಟಿಕ್

ಪವರ್ ಸಪ್ಲೈ ಟಿಕ್ ಟಿಕ್ ಅಂದರೆ ಅದು ಎದ್ದೇಳಲು ನೋಡಿ, ಏನೋ ಅಡ್ಡ ಬಂದು, ಮತ್ತೆ ಕೂರುತ್ತಿದೆ ಎಂದರ್ಥ. ಕೆಟ್ಟಿರುವುದು ಅದೇ ಆಗಿರಬೇಕಿಲ್ಲ. ಮದರ್‌ಬೋರ್ಡಿನಲ್ಲಿ ಶಾರ್ಟ್ ಇದ್ದರೂ ಅದು ಹೀಗೇ ಮಾಡುತ್ತದೆ.

ಬೇರ್ಪಡಿಸಿ ನೋಡಬೇಕು. ಆದರೆ ಹಳೇ ಪವರ್ ಸಪ್ಲೈ ಹೊರೆ ಇಲ್ಲದೆ ಏಳುವುದಿಲ್ಲ. 5 ವೋಲ್ಟಿನ ಕೆಂಪು ತಂತಿಗೂ ಕಪ್ಪು ತಂತಿಗೂ ಬೈಕಿನ 12 ವೋಲ್ಟ್ ಹೆಡ್‌ಲೈಟ್ ಬಲ್ಬ್ ಕಟ್ಟಿ. ಮಬ್ಬಾಗಿ ಉರಿದು ಫ್ಯಾನ್ ತಿರುಗಿದರೆ ಪವರ್ ಸಪ್ಲೈ ಸರಿಯಿದೆ. ನನ್ನದು ತಿರುಗಿತು. ಹಾಗಾದರೆ ತಪ್ಪು ಬೋರ್ಡಿನದು.

ಬೋರ್ಡಿಗೆ ಹೋಗುವ ಎರಡು ಕನೆಕ್ಟರ್‌ಗಳಲ್ಲಿ ಮೊದಲನೆಯದರ 3ನೇ ಪಿನ್ 12 ವೋಲ್ಟಿನದು, ಹಳದಿ ತಂತಿ. ಎಲ್ಲ ಕಾರ್ಡ್ ಕಿತ್ತು, ಬೋರ್ಡಿನ ಆ ಪಿನ್ನಿಗೂ ಗ್ರೌಂಡಿಗೂ ಮೀಟರ್ ಇಟ್ಟೆ. ಅರ್ಧ ಓಮ್. ಶಾರ್ಟ್ ಖಚಿತ. ಈ ಕಾಲದ ಬೋರ್ಡುಗಳಲ್ಲಿ 12 ವೋಲ್ಟಿನ ಲೈನಿಗೆ, ಕಾರ್ಡ್ ಸಿಕ್ಕಿಸುವ ಸ್ಲಾಟುಗಳ ಹತ್ತಿರ, ನೀರಿನ ಹನಿಯ ಆಕಾರದ ಟ್ಯಾಂಟಲಂ ಕೆಪಾಸಿಟರ್ ಹಾಕಿರುತ್ತಾರೆ. 12 ವೋಲ್ಟಿಗೆ 16 ವೋಲ್ಟ್ ತಾಳುವಂಥದ್ದು. ಅಂತರ ಕಡಿಮೆ ಆಯಿತು. ವರ್ಷಗಟ್ಟಲೆ ಕರೆಂಟ್ ಕಾಣದೆ ಬಿದ್ದಿದ್ದು ಎದ್ದ ಕೂಡಲೆ ಶಾರ್ಟ್ ಆಗುತ್ತವೆ. ಕೆಲವು ಪಟಾಕಿಯಂತೆ ಹಾರುತ್ತವೆ, ಹಾಗಾಗಿ ಕಣ್ಣಿಗೆ ಕನ್ನಡಕ ಇರಲಿ. ಒಂದೊಂದರ ಒಂದು ಕಾಲನ್ನು ಎತ್ತಿ ಮೀಟರ್ ನೋಡುತ್ತಾ ಹೋದೆ. ಮೂರನೆಯದರಲ್ಲಿ ಶಾರ್ಟ್ ಮಾಯವಾಯಿತು. 10 ಮೈಕ್ರೋಫ್ಯಾರಡ್, 35 ವೋಲ್ಟಿನದು ಹಾಕಿದೆ.

ಒಂದು ಎಚ್ಚರ. ಸಾದಾ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ನಲ್ಲಿ ಪಟ್ಟಿ ಇರುವ ಕಡೆ ಮೈನಸ್. ಟ್ಯಾಂಟಲಂನಲ್ಲಿ ಗುರುತು ಇರುವ ಕಡೆ ಪ್ಲಸ್. ತಿರುಗಿಸಿ ಹಾಕಿದರೆ ಮತ್ತೆ ಪಟಾಕಿ. ಇನ್ನು ಕನೆಕ್ಟರ್ ಎರಡನ್ನೂ ವಾಪಸ್ ಕೂರಿಸುವಾಗ ಕಪ್ಪು ತಂತಿಗಳು ಪಕ್ಕಪಕ್ಕ, ನಡುವೆ ಬರಬೇಕು. ಅದಲುಬದಲಾದರೆ ಬೋರ್ಡನ್ನು ಮರೆತುಬಿಡಿ.

386: ಎರಡು ವಾರ ತಿಂದಿದ್ದು

ಬೀಪ್ ಇಲ್ಲ ಅಂದ ಕೂಡಲೆ ನಾನು ಮೆಮೊರಿ ಬದಲಿಸಲು ಕೂತೆ. ಈ ಬೋರ್ಡಿಗೆ 30 ಪಿನ್ನಿನ ಸಿಮ್‌ಗಳನ್ನು, ಅಂದರೆ ಮೆಮೊರಿ ಪಟ್ಟಿಗಳನ್ನು, ನಾಲ್ಕು ನಾಲ್ಕರ ಗುಂಪಿನಲ್ಲೇ ಹಾಕಬೇಕು. ಅವುಗಳನ್ನು ಅದಲುಬದಲು ಮಾಡುತ್ತಾ ಎರಡು ದಿನ ಹೋಯಿತು. ಕಣ್ಣೆದುರಿಗೇ ಇದ್ದಿದ್ದನ್ನು ನೋಡಲಿಲ್ಲ.

ಕೀಬೋರ್ಡ್ ಸಿಕ್ಕಿಸುವ ಗುಂಡು ಸಾಕೆಟ್ಟಿನ ಪಕ್ಕ ಚಿಕ್ಕ ಪೀಪಾಯಿಯಂಥ ನೀಲಿ ಬ್ಯಾಟರಿ ಇರುತ್ತದೆ. 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ. ಗಡಿಯಾರ ಮತ್ತು ಸೆಟ್ಟಿಂಗ್ ನೆನಪಿಡಲು ಇಟ್ಟಿದ್ದು. ಅದರ ಎರಡೂ ತುದಿಯಲ್ಲಿ ಬಿಳಿ ಪುಡಿ ಬೆಳೆದಿತ್ತು. ಸುತ್ತ ಬೋರ್ಡಿನ ಹಸಿರು ಬಣ್ಣ ಒಂಥರಾ ನೀಲಿಗೆ ತಿರುಗಿತ್ತು. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದ ಮೇಲೆ ಗೊತ್ತಾಯಿತು, ಕ್ಷಾರ ತಾಮ್ರದ ಗೆರೆಗಳನ್ನು ಹಿಡಿದು ಎರಡಿಂಚು ದೂರ ಹರಿದಿದೆ. ಕೆಸರು ನೀರು ನಾಲೆ ಹಿಡಿದು ಹೋದ ಹಾಗೆ.

ಕ್ರಮ ತಪ್ಪಿಸದೆ ಮಾಡಿದ್ದು ಹೀಗೆ. ಪವರ್ ಸಪ್ಲೈ ಅಳೆದೆ: 5 ವೋಲ್ಟಿನ ಲೈನ್ 4.75ರಿಂದ 5.25ರ ಒಳಗೆ ಇರಬೇಕು, ಇತ್ತು. ಮೊದಲ ಕನೆಕ್ಟರಿನ 1ನೇ ಪಿನ್, ಅಂದರೆ ಪವರ್ ಸರಿಯಿದೆ ಎಂದು ಬೋರ್ಡಿಗೆ ಹೇಳುವ ಪವರ್ ಗುಡ್, ಸ್ವಿಚ್ ಹಾಕಿದ ಅರೆಕ್ಷಣಕ್ಕೆ 5 ವೋಲ್ಟಿಗೆ ಏರಬೇಕು, ಏರಿತು. ಬೋರ್ಡ್, ಮೆಮೊರಿ, ವಿಡಿಯೋ ಕಾರ್ಡ್, ಸ್ಪೀಕರ್ ಇಷ್ಟೇ ಬಿಟ್ಟು ಉಳಿದದ್ದೆಲ್ಲ ಕಿತ್ತೆ. ಆಮೇಲೆ ಐಎಸ್‌ಎ ಸ್ಲಾಟಿಗೆ ಹಾಕುವ ಪೋಸ್ಟ್ ಕಾರ್ಡ್ ಹಾಕಿದೆ, ಅಂಚೆಯದಲ್ಲ, ದೋಷ ಹುಡುಕುವ ಕಾರ್ಡ್. ಮಷೀನ್ ಶುರುವಾಗುವಾಗ ತಾನು ಎಲ್ಲಿದ್ದೇನೆ ಅಂತ ಎರಡಂಕಿ ಹೇಳುತ್ತಾ ಹೋಗುತ್ತದೆ, ಈ ಕಾರ್ಡ್ ಅದನ್ನು ತೋರಿಸುತ್ತದೆ. ಅಂಕಿ ಮೂಡಲೇ ಇಲ್ಲ ಅಂದರೆ ಸಿಪಿಯು ಎದ್ದಿಲ್ಲ. ನನ್ನದರಲ್ಲಿ ಮೂರ್ನಾಲ್ಕು ಅಂಕಿ ಓಡಿ ಒಂದರಲ್ಲಿ ನಿಂತಿತು. ಸಿಪಿಯು ಜೀವಂತ, ಮೆಮೊರಿಯ ಸರದಿ ಇನ್ನೂ ಬಂದೇ ಇಲ್ಲ. ಮಷೀನನ್ನು ಎಬ್ಬಿಸುವ ತಂತ್ರಾಂಶವಾದ ಬಯೋಸ್‌ನ ಪಟ್ಟಿ ನೋಡಿದರೆ ಅದು ಕೀಬೋರ್ಡ್ ಕಂಟ್ರೋಲರ್ ಚಿಪ್ಪಿನ ಉತ್ತರಕ್ಕೆ ಕಾಯುವ ಹಂತ.

ಕೀಬೋರ್ಡಿಗಾಗಿ ಇಡೀ ಮಷೀನ್ ಯಾಕೆ ನಿಲ್ಲಬೇಕು ಅನ್ನಿಸಬಹುದು. ಈ ತಲೆಮಾರಿನ ಪಿಸಿಗಳಲ್ಲಿ ಆ ಚಿಪ್ಪಿಗೆ ಕೀಲಿ ಓದುವುದಷ್ಟೇ ಕೆಲಸವಲ್ಲ. ಸಿಪಿಯು ರೀಸೆಟ್ ಮಾಡುವುದು, 1 ಎಂಬಿಯ ಆಚೆಗಿನ ಮೆಮೊರಿಗೆ ಬಾಗಿಲು ತೆಗೆಯುವುದು ಕೂಡ ಅದರ ತಲೆಗೇ ಕಟ್ಟಿದ್ದಾರೆ.

40 ಕಾಲಿನ ಈ 8042 ಚಿಪ್ಪಿನಲ್ಲಿ 40ನೇ ಪಿನ್ 5 ವೋಲ್ಟ್, 20 ಗ್ರೌಂಡ್, 4 ರೀಸೆಟ್. ಗುಂಡು ಸಾಕೆಟ್ಟಿನಲ್ಲಿ 1 ಕ್ಲಾಕ್, 2 ಡೇಟಾ, 4 ಗ್ರೌಂಡ್, 5 ಐದು ವೋಲ್ಟ್. ಮೀಟರನ್ನು ಬೀಪ್ ಮಾಡುವ ಮೋಡಿಗಿಟ್ಟು ಒಂದೊಂದೇ ಗೆರೆ ಹಿಂಬಾಲಿಸಿದೆ. ರೀಸೆಟ್ಟಿನ ಗೆರೆ ಬ್ಯಾಟರಿಯ ಕೆಳಗೆ ಪೂರ್ತಿ ಕರಗಿತ್ತು. ಸಾಕೆಟ್ಟಿನ ಕ್ಲಾಕಿನದೂ ಹೋಗಿತ್ತು. ಒಂದು ಸ್ಲಾಟಿಗೆ ಹೋಗುವ ಇನ್ನೊಂದು ಗೆರೆ ಹೊರಗೆ ಚೆನ್ನಾಗಿ ಕಂಡರೂ ಒಳಗೆ ತುಂಡಾಗಿತ್ತು. ಕಣ್ಣನ್ನು ನಂಬಬೇಡಿ, ಮೀಟರನ್ನು ನಂಬಿ.

ತೊಳೆಯುವುದು: ಕೈಗವಸು ಹಾಕಿಕೊಳ್ಳಿ, ಕ್ಯಾಡ್ಮಿಯಂ ವಿಷ. ಬ್ಯಾಟರಿಯನ್ನು ಕತ್ತರಿಸಿ ತೆಗೆಯಿರಿ. ಸೋರಿದ್ದು ಕ್ಷಾರ, ಹಾಗಾಗಿ ಹುಳಿಯಿಂದಲೇ ಅದರ ಶಕ್ತಿ ಇಳಿಸಬೇಕು. ಅಡುಗೆಮನೆಯ ಬಿಳಿ ವಿನೆಗರ್ ಸಾಕು, ಬಡ್ಸಿನಲ್ಲಿ ಅದ್ದಿ ಒರೆಸಿ. ನಿಂಬೆರಸವೂ ಆಗುತ್ತದೆ, ಆದರೆ ಅಂಟು ಉಳಿಯುತ್ತದೆ. ಆಮೇಲೆ ಡಿಸ್ಟಿಲ್ಡ್ ವಾಟರ್, ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್. ಒಂದು ದಿನ ಒಣಗಲಿ. ಕಪ್ಪಾದ ಗೆರೆಯನ್ನು ತಾಮ್ರ ಕಾಣುವ ತನಕ ಮೆಲ್ಲಗೆ ಕೆರೆದು, ತವರ ಬಳಿದು, ತುಂಡಾದ ಕಡೆ ತೆಳು ತಂತಿ ಬೆಸೆಯಿರಿ. ಮೋಟಾರ್ ರೀವೈಂಡಿಂಗ್ ಮಾಡುವವರ ಹತ್ತಿರ ಎನಾಮಲ್ ತಂತಿ ಕೇಳಿದರೆ ಒಂದು ಮಾರು ಸುಮ್ನೆ ಕೊಡುತ್ತಾರೆ.

ಹೊಸ ಬ್ಯಾಟರಿಯನ್ನು ಬೋರ್ಡಿಗೆ ಬೆಸೆಯಬೇಡಿ. ಬೋರ್ಡ್ ಹಳೇದನ್ನು ಚಾರ್ಜ್ ಮಾಡುತ್ತಿತ್ತು. ಆ ಜಾಗಕ್ಕೆ ಚಾರ್ಜ್ ಆಗದ ಸೆಲ್ ಹಾಕಿದರೆ ಅಪಾಯ. ನಾನು ಮೂರು ಪೆನ್ಸಿಲ್ ಸೆಲ್ಲಿನ ಪೆಟ್ಟಿಗೆಗೆ, ಕರೆಂಟನ್ನು ಒಂದೇ ಕಡೆಗೆ ಬಿಡುವ ಒಂದು ಡಯೋಡ್ ಸೇರಿಸಿ, ಉದ್ದ ತಂತಿ ಕೊಟ್ಟು, ಕೇಸಿನ ಹೊರಗೆ ಅಂಟಿಸಿದ್ದೇನೆ. 4.5 ವೋಲ್ಟಿನಲ್ಲಿ ಡಯೋಡ್ ತಿನ್ನುವುದು ಕಳೆದರೆ ಹೆಚ್ಚುಕಡಿಮೆ 3.9. ಇನ್ನು ಸೋರಿದರೂ ಹೊರಗೆ ಸೋರಲಿ.

ಸ್ವಿಚ್ ಹಾಕಿದೆ. ಒಂದು ಬೀಪ್. ಆ ಸದ್ದಿಗೆ ನನ್ನ ಹೆಂಡತಿ ಕೆಳಗಿನಿಂದ, "ಬಂತೇನ್ರೀ?" ಅಂತ ಕೇಳಿದಳು.

ಬಂದಿದ್ದು ಅರ್ಧ. ಸೆಟ್ಟಿಂಗ್ ಅಳಿಸಿಹೋದ್ದರಿಂದ ಮಷೀನಿಗೆ ತನ್ನ ಹಾರ್ಡ್ ಡಿಸ್ಕೇ ಗುರುತು ಸಿಗಲಿಲ್ಲ. ಆಗಿನ ಡಿಸ್ಕುಗಳ ಅಳತೆಯನ್ನು ನಾವೇ ಹೇಳಬೇಕು. ನನ್ನದು ಟೈಪ್ 17: 977 ಸಿಲಿಂಡರ್, 5 ಹೆಡ್, 17 ಸೆಕ್ಟರ್, ಸುಮಾರು 42 ಎಂಬಿ. ಇಂಥ ಅಂಕಿಗಳನ್ನು ಕಾಗದದಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿಡಿ, ಈಗಲೇ.

ಈ 386 ಮೇಲೆ ನನಗಿಷ್ಟು ಹಟ ಯಾಕೆ ಅಂದರೆ ಅದರೊಳಗಿರುವ ಜಿಸ್ಟ್ ಕಾರ್ಡ್. ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನದು. ವಿಂಡೋಸ್ ಬರುವ ಮುಂಚಿನ ಡಾಸ್ ಕಾಲದಲ್ಲಿ ಈ ಕಾರ್ಡ್ ಪರದೆಯ ಮೇಲೆ ಕನ್ನಡ ಮೂಡಿಸುತ್ತಿತ್ತು. ಅದರಲ್ಲಿ ಉಳಿಸಿದ ಕಡತವನ್ನು ಇವತ್ತಿನ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಗೀಚು ಕಾಣುತ್ತದೆ. ಕಡತ ಕೆಟ್ಟಿದೆ ಅಂತ ಅಳಿಸಬೇಡಿ, ಅದು ಇಸ್ಕಿ. ಭಾರತೀಯ ಲಿಪಿಗಳ ಅಕ್ಷರಕ್ಕೆ ಒಂದೊಂದು ಅಂಕಿ ಕೊಡುವ, 1991ರಲ್ಲಿ ರಾಷ್ಟ್ರೀಯ ಮಾನಕವಾದ ಸಂಕೇತ. ಅದರಲ್ಲಿ 'ಕ' ಅಂದರೆ 179, ಹಲಂತ ಅಂದರೆ 232. 179, 232, 179 ಅಂತ ಕಂಡರೆ ಅದು 'ಕ್ಕ'. ಅಕ್ಕನೋ ಚಿಕ್ಕಪ್ಪನೋ ಅಲ್ಲಿದ್ದಾರೆ. ಒಂದು ಸಣ್ಣ ಕೋಷ್ಟಕ ಇಟ್ಟುಕೊಂಡರೆ ಇವತ್ತಿನ ಕಂಪ್ಯೂಟರ್‌ಗಳ ಸಂಕೇತವಾದ ಯೂನಿಕೋಡ್‌ಗೆ ತಿರುಗಿಸಬಹುದು. ಡಿಸ್ಕಿನ ಪೂರ್ತಿ ನಕಲು ತೆಗೆದ ಮೇಲೆ ಮೊದಲು ಓದಲು ಸಿಕ್ಕಿದ್ದು ಒಂದು ಲಗ್ನಪತ್ರಿಕೆ. "ತಮ್ಮ ಶುಭಾಗಮನ ಬಯಸುವ" ಅನ್ನುವ ಸಾಲಿನ ಕೆಳಗೆ ಹದಿನೇಳು ಹೆಸರು.

ಮೂರಕ್ಕೂ ಒಂದೇ ಕಾರಣ

ಕಾಗದದ ಕೆಪಾಸಿಟರ್, ಟ್ಯಾಂಟಲಂ, ಬ್ಯಾಟರಿ. ಒಂದಕ್ಕೊಂದು ಸಂಬಂಧವಿಲ್ಲ. ಹಾಗಾದರೆ ಒಂದೇ ತಿಂಗಳಲ್ಲಿ ಹೇಗೆ? ಬರಿ ಕಾಕತಾಳೀಯವೇ? ವಾಲ್ವ್ ರೇಡಿಯೋ ಕಾಲದಿಂದ ರಿಪೇರಿ ಮಾಡುತ್ತಾ ಬಂದ ಹಿರಿಯರೊಬ್ಬರಿಗೆ ಬೋರ್ಡ್ ತೋರಿಸಿದೆ. ಅವರು ಬೋರ್ಡ್ ಮುಟ್ಟಲೂ ಇಲ್ಲ.

"ಏನ್ ಕೆಟ್ಟೈತಿ ಅಂತ ಆಮೇಲೆ ನೋಡೋಣ. ಎಲ್ಲಿಟ್ಟಿದ್ರಿ ಇವನ್ನ?"

"ಮಹಡಿ ಮೇಲೆ, ಕಾಕಾ. ಧೂಳು ಬೀಳಬಾರ್ದು ಅಂತ ಪ್ಲಾಸ್ಟಿಕ್ ಸುತ್ತಿ, ಟೇಪ್ ಹಾಕಿ."

"ಯಾವ ತಿಂಗ್ಳು ಸುತ್ತಿದ್ರಿ?"

"ಜುಲೈ."

ಅವರು ನಕ್ಕುಬಿಟ್ಟರು. "ಹಸಿ ಹತ್ತೀನ ಅಂಡಿಗಿ ಕಟ್ಟಿದಂಗಾತು." ಅಂಡಿಗಿ ಅಂದರೆ ಹತ್ತಿಯ ಮೂಟೆ.

ಧೂಳಿನ ಭಯ ಸುಳ್ಳಲ್ಲ. ನಮ್ಮ ಊರಲ್ಲಿ ರಸ್ತೆಯ ಧೂಳು, ಅಕ್ಕಿ ಗಿರಣಿಯ ತೌಡು, ಗಾಳಿ ತಿರುಗಿದರೆ ಮಂಡಕ್ಕಿ ಭಟ್ಟಿಯ ಮಸಿ ಎಲ್ಲವೂ ಬರುತ್ತವೆ. ಆದರೆ ನಾನು ಮಳೆ ಹಿಡಿದಾಗ ತೇವದ ಗಾಳಿಯನ್ನೂ ಸೇರಿಸಿ ಟೇಪ್ ಹಾಕಿದ್ದೆ. ಹಗಲು ಆರ್‌ಸಿಸಿ ಛಾವಣಿ ಕಾದು, ರಾತ್ರಿ ತಣ್ಣಗಾಗಿ, ಒಳಗೇ ಬೆವರಿದೆ. ಆ ತೇವವನ್ನು ಕಾಗದದ ಕೆಪಾಸಿಟರ್ ಕುಡಿಯಿತು. ಬ್ಯಾಟರಿಯ ಕ್ಷಾರ ಅದರಲ್ಲೇ ಹರಿಯಿತು. ಎಕ್ಸ್‌ಟಿಯ ವಿಷಯದಲ್ಲಿ ತೇವಕ್ಕಿಂತ ವರ್ಷಗಟ್ಟಲೆ ಆನ್ ಮಾಡದೆ ಇಟ್ಟಿದ್ದೇ ಕಾರಣ ಇರಬೇಕು ಅಂತ ನನ್ನ ಅಂದಾಜು. ಅಂತೂ ಮೂರೂ ಕೆಟ್ಟಿದ್ದು ನವೆಂಬರಿನಲ್ಲಿ ಅಲ್ಲ, ಸುಮ್ನೆ ಕೂತಿದ್ದಾಗ. ನಾನು ಸ್ವಿಚ್ ಹಾಕಿ ಬಯಲು ಮಾಡಿದೆ ಅಷ್ಟೆ.

ಉಳಿದ 11 ಮಷೀನ್ ಆನ್ ಮಾಡದೆ ಬಿಚ್ಚಿ ನೋಡಿದೆ. ಇನ್ನೆರಡರಲ್ಲಿ ಬ್ಯಾಟರಿ ಬೆವರಲು ಶುರುವಾಗಿತ್ತು. ಒಂದರ ಪ್ರಿಂಟರ್ ಪೋರ್ಟಿನೊಳಗೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು. ಇನ್ನೊಂದರ ಪವರ್ ಸಪ್ಲೈನಲ್ಲಿ ಒಣಗಿದ ಹಲ್ಲಿ.

ಫ್ಲಾಪಿ ಬಗ್ಗೆ ಎರಡು ಮಾತು

ಅದೇ ಪ್ಲಾಸ್ಟಿಕ್ಕಿನಲ್ಲಿ 5.25 ಇಂಚಿನ ಫ್ಲಾಪಿಗಳೂ ಇದ್ದವು. ಕಿಟಕಿಯಂಥ ಸೀಳಿನಲ್ಲಿ ತಟ್ಟೆಯನ್ನು ಕೈಯಿಂದ ತಿರುಗಿಸುತ್ತಾ ಬೆಳಕಿಗೆ ಹಿಡಿದು ನೋಡಿ. ಬಿಳಿ ಚುಕ್ಕೆ ಅಥವಾ ಜೇಡರ ಬಲೆಯಂತೆ ಕಂಡರೆ ಅದು ಬೂಷ್ಟು. ಡ್ರೈವಿಗೆ ಹಾಕಬೇಡಿ. ಬೂಷ್ಟು ಡ್ರೈವಿನ ಓದುವ ಹೆಡ್ಡಿಗೆ ಅಂಟಿ, ಮುಂದೆ ಹಾಕುವ ಒಳ್ಳೇ ಫ್ಲಾಪಿಯನ್ನೂ ಗೀರಿಹಾಕುತ್ತದೆ. ನಾನು ಹೀಗೇ ಒಂದನ್ನು ಕಳೆದುಕೊಂಡೆ. ಒಳಗಿನ ತಟ್ಟೆಯನ್ನು ಆಲ್ಕೋಹಾಲಿನಲ್ಲಿ ಒರೆಸಿ, ಒಣಗಿಸಿ, ಒಂದೇ ಸಲ ಓದಿಸಿ ನಕಲು ಮಾಡಿಕೊಳ್ಳಿ. ಓದುವ ಮುಂಚೆ ಬರೆಯದಂತೆ ತಡೆಯಿರಿ: 5.25 ಇಂಚಿನದರಲ್ಲಿ ಪಕ್ಕದ ಕಚ್ಚು ಮುಚ್ಚಬೇಕು, 3.5 ಇಂಚಿನದರಲ್ಲಿ ತೂತು ತೆರೆದಿರಬೇಕು. ಉಲ್ಟಾ, ಅಲ್ವಾ? ಎಷ್ಟೋ ಸಲ ಗೊಂದಲ ಮಾಡಿಕೊಂಡಿದ್ದೇನೆ.

ಈಗ ಕೋಣೆಯಲ್ಲಿ ಪ್ಲಾಸ್ಟಿಕ್ ಇಲ್ಲ. ಹತ್ತಿಯ ಹಳೇ ಪಂಚೆಗಳನ್ನು ಹೊದಿಸಿದ್ದೇನೆ. ಒಂದು ಕಾಲಕ್ಕೆ ಹತ್ತಿ ಮಿಲ್ಲುಗಳಿಗೆ ಹೆಸರಾಗಿದ್ದ ಊರಲ್ಲಿ ಅದಕ್ಕೇನು ಬರ! ಧೂಳು ತಡೆಯುತ್ತದೆ, ಗಾಳಿ ಆಡುತ್ತದೆ, ತಿಂಗಳಿಗೊಮ್ಮೆ ಒಗೆಯಬಹುದು. ಗೋಡೆಯಲ್ಲಿ ತೇವ ಅಳೆಯುವ ಚಿಕ್ಕ ಮೀಟರ್ ನೇತುಹಾಕಿದ್ದೇನೆ. ಅದು ಶೇಕಡಾ 60 ದಾಟಿದ ದಿನ ಕಿಟಕಿ ಮುಚ್ಚಿ ಫ್ಯಾನ್ ಹಾಕುತ್ತೇನೆ. ಮಷೀನ್‌ಗಳನ್ನು ಛಾವಣಿಯ ಕೆಳಗಿನ ಅಟ್ಟದಿಂದ ಇಳಿಸಿ, ಗೋಡೆಯಿಂದ ಗೇಣು ದೂರ ಇಟ್ಟಿದ್ದೇನೆ. ಮೂರು ತಿಂಗಳಿಗೊಮ್ಮೆ ಪ್ರತಿಯೊಂದನ್ನೂ ಸೀರೀಸ್ ಬಲ್ಬ್ ಮೂಲಕ ಎಬ್ಬಿಸಿ, ಆಮೇಲೆ ನೇರ ಕರೆಂಟಿನಲ್ಲಿ ಅರ್ಧ ಗಂಟೆ ಓಡಿಸುತ್ತೇನೆ. ತಾರೀಖು ಮುಚ್ಚಳದ ಒಳಗಿನ ಕಾಗದದಲ್ಲಿದೆ.

386ರಲ್ಲಿ ಒಂದು ಸ್ಲಾಟ್ ಇನ್ನೂ ಸತ್ತೇ ಇದೆ. ಜಿಸ್ಟ್ ಕಾರ್ಡನ್ನು ಪಕ್ಕದ ಸ್ಲಾಟಿಗೆ ಹಾಕಿದ್ದೇನೆ. ಒಳಗೆ ತುಂಡಾದ ಆ ಗೆರೆ ಎಲ್ಲಿ ಕಡಿದಿದೆ ಅಂತ ಬೇಸಿಗೆ ರಜೆಯಲ್ಲಿ ಹುಡುಕಬೇಕು.